ಪ್ರೊಬೇಷನ್ ಕಚೇರಿಗೆ ಯಜಮಾನ ಯಾರು?

ಜಿಲ್ಲೆಯ ಎಸ್ಪಿ ಯಾರೆಂದು ಕೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವ ಹುಡುಗನೂ ಹೆಸರು ಹೇಳಿಬಿಡ್ತಾನೆ. ಡಿಸಿ ಯಾರೆಂದರೆ ಪಡಿತರ ಅಂಗಡಿಯ ಕ್ಯೂನಲ್ಲಿ ನಿಂತ ಅಜ್ಜಿಗೂ ಗೊತ್ತು. ತಹಶೀಲ್ದಾರರು, ಆರ್‌ಟಿಓ, ನಗರಸಭೆ ಕಮಿಷನರು, ಒಬ್ಬೊಬ್ಬರಿಗೂ ಒಂದೊಂದು ಬೋರ್ಡು, ಒಂದೊಂದು ಜೀಪು, ಬಾಗಿಲಲ್ಲೊಬ್ಬ ಜವಾನ. ಆದರೆ "ಜಿಲ್ಲೆಯ ಪ್ರೊಬೇಷನ್ ಅಧಿಕಾರಿ ಯಾರು ಸ್ವಾಮಿ? ಅವರ ಕಚೇರಿ ಎಲ್ಲಿ?" ಎಂದು ಒಮ್ಮೆ ಕೇಳಿ ನೋಡಿ. "ಯಾರು, ಬ್ಯಾಂಕಿಗೆ ಹೊಸದಾಗಿ ಬಂದಿರೋ ಆಫೀಸರ್ರಾ?" ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ.

ಬ್ಯಾಂಕಿನವರಲ್ಲ. ಸರ್ಕಾರಿ ಕನ್ನಡದಲ್ಲಿ ಪರಿವೀಕ್ಷಣಾಧಿಕಾರಿ ಎನ್ನುತ್ತಾರೆ. ಕೋರ್ಟಿನಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದವನನ್ನು ಜೈಲಿಗೆ ಕಳಿಸಬೇಕೋ, ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಬಹುದೋ ಎಂದು ನ್ಯಾಯಾಧೀಶರು ಯೋಚಿಸುವಾಗ, ಆ ಮನುಷ್ಯನ ಮನೆ, ಕೇರಿ, ಕೆಲಸ, ಸಹವಾಸ ಎಲ್ಲ ವಿಚಾರಿಸಿ ವರದಿ ಕೊಡಬೇಕಾದವರು ಇವರು. ಮನೆಗೆ ಕಳಿಸಿದ ಮೇಲೆ ಅವನು ನೆಟ್ಟಗಿದ್ದಾನೋ ಇಲ್ಲವೋ ಎಂದು ಕಣ್ಣಿಡಬೇಕಾದವರೂ ಇವರೇ. ಪೊಲೀಸರಲ್ಲ, ವಕೀಲರಲ್ಲ, ಜೈಲಿನವರಲ್ಲ. ಮೂವರ ನಡುವೆ ನಿಂತು, ಮೂವರೂ ಮಾಡದ ಒಂದು ಕೆಲಸ ಮಾಡುವವರು.

ಆ ಕೆಲಸ ಸರಿಯಾಗಿ ನಡೆಯಬೇಕಾದರೆ ಜಿಲ್ಲೆಗೊಬ್ಬ ಹಿರಿಯ ಅಧಿಕಾರಿ ಬೇಕು. ಬೇರೆ ಯಾವ ಹೊಣೆಯೂ ಇಲ್ಲದೆ ಇದೊಂದಕ್ಕೇ ಉತ್ತರ ಹೇಳುವವರು ಬೇಕು. ಬರೀ ಕುರ್ಚಿ ಇದ್ದರೆ ಸಾಲದು, ಕುರ್ಚಿಗೆ ಯಜಮಾನಿಕೆ ಇರಬೇಕು. ಇದೇನೂ ದೊಡ್ಡವರ ಕೋರ್ಟು ಕಚೇರಿ ವಿಷಯ, ನಮಗೇಕೆ ಎಂದು ಅಂಗಡಿಯವರು ಪುಟ ತಿರುಗಿಸುವ ಹಾಗಿಲ್ಲ. ಮೊದಲು ಬರುವ ಉದಾಹರಣೆಯೇ ಅಂಗಡಿಯದು.

ಗಲ್ಲಾ ಮುಟ್ಟಿದ ಹುಡುಗ

ಪೇಟೆ ಬೀದಿಯ ಒಂದು ದಿನಸಿ ಅಂಗಡಿ ಎಂದಿಟ್ಟುಕೊಳ್ಳಿ. ಹಳ್ಳಿಯಿಂದ ಬಂದ ಹತ್ತೊಂಬತ್ತು ವರ್ಷದ ಹುಡುಗ ಪೊಟ್ಟಣ ಕಟ್ಟುವ ಕೆಲಸಕ್ಕಿದ್ದಾನೆ. ಸಾಹುಕಾರರು ಊಟಕ್ಕೆ ಹೋದಾಗ ಗಲ್ಲಾಪೆಟ್ಟಿಗೆಗೆ ಕೈ ಹಾಕಿದ, ಸಿಕ್ಕಿಬಿದ್ದ. ಸಾಹುಕಾರರಿಗೆ ಸಿಟ್ಟು ನೆತ್ತಿಗೇರಿತು, ಕಂಪ್ಲೇಂಟ್ ಕೊಟ್ಟರು. ನೌಕರ ಯಜಮಾನನ ಸೊತ್ತು ಕದಿಯುವುದು ಸಾಮಾನ್ಯ ಕಳ್ಳತನಕ್ಕಿಂತ ದೊಡ್ಡ ಅಪರಾಧ. ಹಳೆಯ ದಂಡಸಂಹಿತೆಯಲ್ಲಿ ಅದು 381ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 306ನೇ ಕಲಂ. ಶಿಕ್ಷೆ ಏಳು ವರ್ಷದವರೆಗೂ ಹೋಗಬಹುದು.

ಈಗ ಇನ್ನೊಂದು ಪುಸ್ತಕ ತೆಗೆಯಿರಿ. 1958ರಲ್ಲಿ ಪಾರ್ಲಿಮೆಂಟು ಮಾಡಿದ ಅಪರಾಧಿಗಳ ಪ್ರೊಬೇಷನ್ ಕಾಯ್ದೆ. ಅದರ 3ನೇ ಕಲಮಿನ ಪ್ರಕಾರ ಹಿಂದೆ ಶಿಕ್ಷೆಯಾಗದ ಮನುಷ್ಯನನ್ನು ಇಂಥ ಕಳ್ಳತನದ ಕೇಸಿನಲ್ಲೂ ನ್ಯಾಯಾಧೀಶರು ಬುದ್ಧಿ ಹೇಳಿ ಬಿಟ್ಟುಬಿಡಬಹುದು. 4ನೇ ಕಲಮಿನ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ, ಮೂರು ವರ್ಷದವರೆಗಿನ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಬೇಕೆಂದರೆ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಪ್ರೊಬೇಷನ್ ಅಧಿಕಾರಿಯ ಉಸ್ತುವಾರಿಯಲ್ಲಿ ಇರಿಸಬಹುದು. 5ನೇ ಕಲಮಿನ ಪ್ರಕಾರ, ನಷ್ಟಪಟ್ಟವರಿಗೆ ಪರಿಹಾರವನ್ನೂ ಕೋರ್ಟಿನ ಖರ್ಚನ್ನೂ ಕೊಡಿಸಬಹುದು. ಸಾಹುಕಾರರು ಇದನ್ನು ಎರಡು ಸಲ ಓದಬೇಕು. ಹುಡುಗ ಜೈಲಿಗೆ ಹೋದರೆ ಅಂಗಡಿಯವರಿಗೆ ಸಿಗುವುದು ಒಂದು ದಿನದ ಸಮಾಧಾನ. ಹೊರಗಿದ್ದು ದುಡಿದರೆ ಹೋದ ಹಣ ಕಂತಿನಲ್ಲಾದರೂ ಬಂದೀತು.

ಎಲ್ಲಕ್ಕಿಂತ ಮುಖ್ಯವಾದದ್ದು 6ನೇ ಕಲಂ. ತಪ್ಪಿತಸ್ಥ 21 ವರ್ಷದೊಳಗಿನವನಾಗಿದ್ದು, ಅಪರಾಧ ಜೀವಾವಧಿ ಶಿಕ್ಷೆಯದಲ್ಲದಿದ್ದರೆ, ಅವನನ್ನು ಜೈಲಿಗೆ ಕಳಿಸಬಾರದು ಎಂಬುದೇ ನಿಯಮ. ಕಳಿಸಲೇಬೇಕೆಂದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಆ ತೀರ್ಮಾನಕ್ಕೆ ಬರುವ ಮೊದಲು ಪ್ರೊಬೇಷನ್ ಅಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಹೇಳಿದ್ದನ್ನೇ ಪಾರ್ಲಿಮೆಂಟು ಕಾನೂನಿನ ಭಾಷೆಯಲ್ಲಿ ಹೇಳಿತು. 1964ರಲ್ಲಿ ಸುಪ್ರೀಂ ಕೋರ್ಟು ರತ್ತನ್ ಲಾಲ್ ಎಂಬ ಹದಿನಾರರ ಹುಡುಗನ ಕೇಸಿನಲ್ಲಿ, ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಾಗ ಈ ಕಾಯ್ದೆ ಅಲ್ಲಿ ಜಾರಿಯಲ್ಲಿರದಿದ್ದರೂ ಮೇಲ್ಮನವಿಯ ಹಂತದಲ್ಲಿ ಇದರ ರಕ್ಷಣೆ ಕೊಡಬಹುದು ಎಂದು ತೀರ್ಪು ಕೊಟ್ಟಿತು.

ಕಾನೂನು ಇಷ್ಟು ಉದಾರವಾಗಿದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆಯಲ್ಲ? ಇಲ್ಲಿ ಪೂಜಾರಿಯ ಜಾಗದಲ್ಲಿರುವುದು ಒಂದು ವರದಿ. ಹುಡುಗನ ಹಳ್ಳಿಗೆ ಯಾರು ಹೋಗಬೇಕು? ಅವನಪ್ಪ ಕುಡುಕನೋ, ತಾಯಿ ಕಾಯಿಲೆಯವಳೋ, ಕದ್ದ ಹಣ ಇಸ್ಪೀಟಿಗೆ ಹೋಯಿತೋ ಆಸ್ಪತ್ರೆ ಬಿಲ್ಲಿಗೆ ಹೋಯಿತೋ, ಯಾರು ವಿಚಾರಿಸಬೇಕು? ವರದಿ ತಡವಾದರೆ ಶಿಕ್ಷೆಯ ವಿಷಯ ಮುಂದಿನ ತಾರೀಖಿಗೆ, ಅದರ ಮುಂದಿನ ತಾರೀಖಿಗೆ. ಕೇಸು ಎಳೆದು ಎಳೆದು ಕೊನೆಗೆ ಶಿಕ್ಷೆ ವಿಧಿಸುವ ದಿನಕ್ಕೆ ಹುಡುಗನಿಗೆ 21 ದಾಟಿದ್ದರೆ 6ನೇ ಕಲಮಿನ ರಕ್ಷಣೆಯೇ ಕೈತಪ್ಪುತ್ತದೆ. ಕೈಗಡಿಯಾರ ಓಡುವುದು ಕೋರ್ಟಿನ ಗೋಡೆ ಗಡಿಯಾರದ ಲೆಕ್ಕದಲ್ಲಲ್ಲ, ಹುಡುಗನ ವಯಸ್ಸಿನ ಲೆಕ್ಕದಲ್ಲಿ.

ವರದಿ ಬಂದರೂ, ಅದು ಕುರ್ಚಿಯಲ್ಲಿ ಕೂತು ಬರೆದ ನಾಲ್ಕು ಸಾಲಾಗಿದ್ದರೆ? "ವಿಚಾರಿಸಲಾಗಿ ಸದರಿ ಆಸಾಮಿಯು ಒಳ್ಳೆಯ ನಡತೆಯವನೆಂದು ತಿಳಿದುಬಂದಿರುತ್ತದೆ" ಎಂಬಂಥ ಕಾಗದ ನೋಡಿ ಯಾವ ನ್ಯಾಯಾಧೀಶರು ಧೈರ್ಯ ಮಾಡಿಯಾರು? ಅದನ್ನು ಬದಿಗಿಟ್ಟು ಜೈಲು ಎಂದು ಬರೆಯುವುದೇ ಸುಲಭ. ಇಂಥ ಕಾಗದ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ "ಇದು ನಡೆಯಲ್ಲಪ್ಪ, ಹೋಗಿ ನೋಡ್ಕೊಂಡು ಬಾ" ಎಂದು ವಾಪಸ್ ಎಸೆಯುವ ಒಬ್ಬ ಹಿರಿಯರು ಕಚೇರಿಯಲ್ಲಿರಬೇಕು.

ಜಾಮೀನು ಸಿಕ್ಕರೂ ಬಾಗಿಲು ತೆರೆಯದು

ಇದು ಅಪರಾಧ ರುಜುವಾದವರ ಕಥೆಯಾಯಿತು. ಇನ್ನೂ ರುಜುವಾಗದವರ ಕಥೆ ಇದಕ್ಕಿಂತ ಕಷ್ಟದ್ದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಎಂದರೆ ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಕಾಣದವರು. ಇವರಲ್ಲಿ ಜಾಮೀನು ಸಿಗದವರಿದ್ದಾರೆ, ಸಿಗಬಾರದವರೂ ಇದ್ದಾರೆ. ಆದರೆ ಕೋರ್ಟು ಜಾಮೀನು ಕೊಟ್ಟ ಮೇಲೂ ಹೊರಗೆ ಬರಲಾಗದವರೂ ಇದ್ದಾರೆ. ಏಕೆ? ಜಾಮೀನುದಾರ ಸಿಗಲಿಲ್ಲ.

ಇದು ಪೇಟೆಯವರಿಗೆ ಚೆನ್ನಾಗಿ ಗೊತ್ತು. "ಅಣ್ಣಾ, ಒಂದ್ ಸೈನ್ ಹಾಕ್ಕೊಡಿ, ಪಹಣಿ ಇದ್ರೆ ಸಾಕಂತೆ" ಎಂದು ಕೈಮುಗಿದು ಬರುವ ಹೆಂಗಸರನ್ನು ಅಂಗಡಿ ಬಾಗಿಲಲ್ಲಿ ಕಾಣದವರುಂಟೆ? ಹೊಲ ಇಲ್ಲದವನಿಗೆ ಪಹಣಿ ಎಲ್ಲಿಂದ ಬರಬೇಕು? ಕಟ್ಟಡ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದವನಿಗೆ ಇಲ್ಲಿ ಸಹಿ ಹಾಕುವ ಬಂಧು ಯಾರು? ಆಗಲೇ ಕೋರ್ಟಿನ ಆವರಣದಲ್ಲಿ ಬಾಡಿಗೆ ಜಾಮೀನುದಾರರ ವ್ಯಾಪಾರ ಕುದುರುವುದು. ಬಡವನ ಬಿಡುಗಡೆಗೂ ಒಂದು ರೇಟು.

1978ರಲ್ಲಿ ಮೋತಿ ರಾಂ ಎಂಬ ಗಾರೆ ಕೆಲಸದವನ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಮಧ್ಯಪ್ರದೇಶದವನು. ಜಾಮೀನು ಮಂಜೂರಾಗಿತ್ತು, ಆದರೆ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಭದ್ರತೆ ಕೇಳಿದರು. ಆ ಕಾಲದ ಹತ್ತು ಸಾವಿರ! ಅಣ್ಣತಮ್ಮಂದಿರಲ್ಲೊಬ್ಬ ಜಾಮೀನು ನಿಲ್ಲುತ್ತೇನೆಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ತರಾಟೆಗೆ ತೆಗೆದುಕೊಂಡರು. 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಲು ಆದೇಶವಾಯಿತು. ಮರುವರ್ಷ 1979ರಲ್ಲಿ ಹುಸೇನಾರಾ ಖಾತೂನ್ ಕೇಸಿನಲ್ಲಿ ಬಿಹಾರದ ಜೈಲುಗಳ ಕಥೆ ಹೊರಬಿತ್ತು. ತಮ್ಮ ಮೇಲಿನ ಆರೋಪಕ್ಕೆ ಆಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಗಾಗಿ ಕಾಯುತ್ತಾ ಒಳಗೇ ಕೊಳೆಯುತ್ತಿದ್ದವರನ್ನು ದೇಶ ಆಗ ಕಂಡಿತು.

ಅದಾಗಿ ನಾಲ್ಕು ದಶಕ ಕಳೆದ ಮೇಲೂ ಸುಪ್ರೀಂ ಕೋರ್ಟು ಅದೇ ಪಾಠ ಮತ್ತೆ ಹೇಳಬೇಕಾಯಿತು. 2023ರ ಜನವರಿ 31ರ ಆದೇಶ ಅದು. ಜಾಮೀನು ಸಿಕ್ಕಿ 7 ದಿನದೊಳಗೆ ಕೈದಿ ಹೊರಬಾರದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಕಾರ್ಯದರ್ಶಿಯವರು ಆ ಮನುಷ್ಯನ ಬಡತನ, ಸಂಸಾರದ ಸ್ಥಿತಿ ತಿಳಿಯಲು ಪ್ರೊಬೇಷನ್ ಅಧಿಕಾರಿಯ ಅಥವಾ ಅರೆಕಾನೂನು ಸ್ವಯಂಸೇವಕರ ನೆರವಿನಿಂದ ವರದಿ ಮಾಡಿಸಿ, ಷರತ್ತು ಸಡಿಲಿಸುವಂತೆ ಕೋರ್ಟನ್ನು ಕೇಳಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿನ ಯೋಜನೆಯನ್ನೂ ತಂದಿತು. ವಿಚಾರಣಾಧೀನನ ಜಾಮೀನು ಹಣಕ್ಕೆ 40,000 ರೂಪಾಯಿವರೆಗೆ, ಶಿಕ್ಷೆಯಾದವನ ದಂಡಕ್ಕೆ 25,000 ರೂಪಾಯಿವರೆಗೆ. 2024ರಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ, ಮೊದಲ ಬಾರಿಗೆ ಆರೋಪಿಯಾದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು ಎಂದಿತು. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸುಗಳಿಗೂ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೂ ಇದು ಅನ್ವಯಿಸದು.

ಆದೇಶವುಂಟು, ಯೋಜನೆಯುಂಟು, ಕಲಮುಂಟು. ಬಡವ ನಿಜವಾಗಿ ಬಡವನೇ, ಬಿಟ್ಟರೆ ತಾರೀಖಿಗೆ ಬರುವವನೇ ಎಂದು ಖಾತ್ರಿಪಡಿಸುವ ಮನುಷ್ಯ ಬೇಕಲ್ಲ? ಸುತ್ತಿ ಸುತ್ತಿ ಮಾತು ಮತ್ತೆ ಆ ಬೋರ್ಡಿಲ್ಲದ ಕಚೇರಿಗೇ ಬರುತ್ತದೆ.

ಮೂರು ಮನೆಯ ನೆಂಟ

ಈ ಪ್ರೊಬೇಷನ್ ಅಧಿಕಾರಿಗೆ ಯಜಮಾನ ಯಾರು? ಕೆಲಸ ಹೇಳುವುದು ಕೋರ್ಟು. ಸಂಬಳ, ಬಡ್ತಿ, ವರ್ಗಾವಣೆ ಸರ್ಕಾರದ ಇಲಾಖೆಯ ಕೈಲಿ. 1958ರ ಕಾಯ್ದೆಯ 13ನೇ ಕಲಂ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ: ಅಪರಾಧಿ ವಾಸವಾಗಿರುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ ಹತೋಟಿಗೆ ಈ ಅಧಿಕಾರಿ ಒಳಪಟ್ಟಿರುತ್ತಾರೆ. ಜಿಲ್ಲಾ ದಂಡಾಧಿಕಾರಿ ಎಂದರೆ ಡಿಸಿ ಸಾಹೇಬರು. ಬರ, ನೆರೆ, ಚುನಾವಣೆ, ಮಂತ್ರಿಗಳ ಪ್ರವಾಸ, ಜಮೀನು ತಕರಾರು, ಜಾತ್ರೆ ಬಂದೋಬಸ್ತು, ಎಲ್ಲವೂ ಅವರ ತಲೆಮೇಲೆ. ಗಲ್ಲಾ ಮುಟ್ಟಿದ ಹುಡುಗನ ವರದಿ ಮೂರು ತಾರೀಖಿನಿಂದ ಬಂದಿಲ್ಲವೆಂದು ಅವರು ವಿಚಾರಿಸಿಯಾರೆಂದು ನಿರೀಕ್ಷಿಸುವುದು ಅವರಿಗೂ ಅನ್ಯಾಯ.

ಮೂರು ಮನೆಯ ನೆಂಟ ಎಲ್ಲೂ ಉಣ್ಣಲಿಲ್ಲ ಎಂಬ ಹಾಗಾಯಿತು. ಕೋರ್ಟು ಕೇಳಿದರೆ "ಇಲಾಖೆ ಕೆಲಸಕ್ಕೆ ಹೋಗಿದ್ದೆ" ಎನ್ನಬಹುದು. ಇಲಾಖೆ ಕೇಳಿದರೆ "ಕೋರ್ಟಿಗೆ ಹೋಗಿದ್ದೆ" ಎನ್ನಬಹುದು. ಇದರ ಮೇಲೆ ಬಾಲನ್ಯಾಯ ಕಾಯ್ದೆಯ ಕೆಲಸ ಬೇರೆ. ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗುವಿನ ಸಾಮಾಜಿಕ ತನಿಖಾ ವರದಿಯನ್ನು ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ 15 ದಿನದೊಳಗೆ ಕೊಡಬೇಕೆಂದು 2015ರ ಕಾಯ್ದೆ ಹೇಳುತ್ತದೆ. ಅದೂ ಪ್ರೊಬೇಷನ್ ಅಧಿಕಾರಿಯ ಹೆಸರಿಗೇ. ಮಕ್ಕಳ ಕೆಲಸ ಮೊದಲು ಆಗಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹದಿನೆಂಟು ದಾಟಿದ ಮರುದಿನ ಮಗು ಮಗುವಲ್ಲ, ಅವನ ಫೈಲು ಯಾರ ಮೇಜಿನ ಮೇಲೂ ಅಲ್ಲ ಎನ್ನುವಂತಾಗಬಾರದು.

ಬೂಟಿನಂಗಡಿಯಿಂದ ಹೊರಟ ಪದ್ಧತಿ

ಈ ಪದ್ಧತಿ ಎಲ್ಲಿಂದ ಬಂತು ಎಂದು ತಿಳಿದರೆ ಅಂಗಡಿಯವರಿಗೆ ಖುಷಿಯಾದೀತು. ಇದನ್ನು ಶುರು ಮಾಡಿದ್ದು ನ್ಯಾಯಾಧೀಶರಲ್ಲ, ಮಂತ್ರಿಯಲ್ಲ. ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ ಬೂಟು ಹೊಲಿಯುವ ಅಂಗಡಿ ಇಟ್ಟಿದ್ದ ಜಾನ್ ಆಗಸ್ಟಸ್ ಎಂಬ ಮನುಷ್ಯ. 1841ರಲ್ಲಿ ಕೋರ್ಟಿನಲ್ಲಿ ಒಬ್ಬ ಕುಡುಕನನ್ನು ನೋಡಿ, ಇವನು ಸುಧಾರಿಸಬಲ್ಲ ಎಂದು ತಾನೇ ಜಾಮೀನು ನಿಂತ. ಮೂರು ವಾರ ಬಿಟ್ಟು ಕರೆತಂದಾಗ ಕುಡುಕನ ಗುರುತೇ ಸಿಗದಷ್ಟು ಬದಲಾವಣೆ. ನ್ಯಾಯಾಧೀಶರು ಜೈಲಿನ ಬದಲು ಒಂದು ಸೆಂಟ್ ದಂಡ ಮತ್ತು ಖರ್ಚು ಹಾಕಿ ಬಿಟ್ಟರು. 1859ರಲ್ಲಿ ತೀರಿಕೊಳ್ಳುವವರೆಗೆ ಆಗಸ್ಟಸ್ 1,900ಕ್ಕೂ ಹೆಚ್ಚು ಮಂದಿಗೆ ಹೀಗೆ ನಿಂತ. ಎಲ್ಲರಿಗೂ ಕಣ್ಣು ಮುಚ್ಚಿ ನಿಲ್ಲಲಿಲ್ಲ. ಮೊದಲು ವಿಚಾರಿಸುತ್ತಿದ್ದ, ಆಮೇಲೆ ಕೆಲಸ ಹುಡುಕಿಕೊಡುತ್ತಿದ್ದ, ಕೋರ್ಟಿಗೆ ವರದಿ ಒಪ್ಪಿಸುತ್ತಿದ್ದ. ಇಂದಿನ ಪ್ರೊಬೇಷನ್ ಅಧಿಕಾರಿಯ ಕೆಲಸದ ಪಟ್ಟಿ ಇದೇ ತಾನೆ?

ಒಬ್ಬ ಪುಣ್ಯಾತ್ಮ ಮಾಡಿದ್ದು ಅವನೊಂದಿಗೇ ಹೋಗಬಾರದೆಂದು ಅಲ್ಲಿನವರು ಕಾನೂನು ಮಾಡಿದರು. 1878ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ, 1925ರಲ್ಲಿ ಇಡೀ ದೇಶದ ಫೆಡರಲ್ ಕೋರ್ಟುಗಳು. 1961ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಕಾನೂನು ವಿದ್ಯಾರ್ಥಿಗಳು ಬಂಧಿತರನ್ನು ಕಂಡು ಮನೆ ಎಲ್ಲಿ, ಕೆಲಸ ಏನು, ಹೆಂಡತಿ ಮಕ್ಕಳು ಯಾರು ಎಂದು ಕೇಳಿ, ಖಾತ್ರಿ ಮಾಡಿಕೊಂಡು, ಹಣದ ಜಾಮೀನಿಲ್ಲದೆ ಬಿಡಬಹುದೆಂದು ಕೋರ್ಟಿಗೆ ಹೇಳುತ್ತಿದ್ದರು. ಹೀಗೆ ಬಿಟ್ಟವರಲ್ಲಿ ಬಹುತೇಕ ಎಲ್ಲರೂ ತಾರೀಖಿಗೆ ಬಂದರು. ಕೈಯಲ್ಲಿ ದುಡ್ಡಿಲ್ಲದವನು ಓಡಿಹೋಗುತ್ತಾನೆಂಬ ನಂಬಿಕೆ ಸುಳ್ಳಾಯಿತು. 1982ರಲ್ಲಿ ವಿಚಾರಣಾಪೂರ್ವ ಸೇವೆಯ ಕಾನೂನು ಬಂದು ಇದು ಅಲ್ಲಿನ ಫೆಡರಲ್ ಕೋರ್ಟುಗಳಿಗೆಲ್ಲ ಹರಡಿತು. 1984ರ ಕಾನೂನು, ಕಟ್ಟಲಾಗದಷ್ಟು ಹಣ ಕೇಳಿ ಆ ಕಾರಣಕ್ಕೇ ಒಳಗೆ ಇಡುವ ಹಾಗಿಲ್ಲ ಎಂದಿತು.

ಈ ಎರಡು ಕೆಲಸಗಳು, ವಿಚಾರಣೆಗೆ ಮೊದಲಿನದು ಮತ್ತು ಶಿಕ್ಷೆಯ ನಂತರದ್ದು, ಅಲ್ಲಿ ಹಲವು ಕಡೆ ಒಂದೇ ಸೂರಿನಡಿ ಇವೆ. ಆ ಕಚೇರಿಗೊಬ್ಬ ಮುಖ್ಯಸ್ಥರು, ಅವರ ಕೆಳಗೆ ಉಪಮುಖ್ಯಸ್ಥರು. ಗಮನಿಸಬೇಕಾದ್ದು ಏನೆಂದರೆ ಆ ಮುಖ್ಯಸ್ಥರನ್ನು ನೇಮಿಸುವುದು ಜಿಲ್ಲಾ ಕೋರ್ಟೇ. ಜಿಲ್ಲೆಯ ಎಲ್ಲ ಪ್ರೊಬೇಷನ್ ಅಧಿಕಾರಿಗಳ ಕೆಲಸ ನಡೆಸುವ ಹೊಣೆ ಅವರದೆಂದು ಕಾನೂನೇ ಹೇಳುತ್ತದೆ. ಯಾರಿಗೆ ಎಷ್ಟು ಕೇಸು ಹಂಚಬೇಕು, ಯಾರ ವರದಿ ಹಾಳಾಗಿದೆ, ಯಾರಿಗೆ ತರಬೇತಿ ಬೇಕು, ರಾತ್ರಿ ಹೊತ್ತು ಅಪಾಯದ ಕೇರಿಗೆ ಹೋಗುವ ಅಧಿಕಾರಿಗೆ ರಕ್ಷಣೆ ಏನು, ಬಜೆಟ್ಟು ಎಲ್ಲಿ ಸೋರುತ್ತಿದೆ, ಇವೆಲ್ಲ ಆ ಮೇಜಿನ ಮೇಲೆ. ಶಿಕ್ಷೆಗೆ ಮುನ್ನಿನ ವರದಿಯನ್ನು ತೀರ್ಪಿಗೆ ಕನಿಷ್ಠ 35 ದಿನ ಮೊದಲೇ ಆರೋಪಿಗೂ ವಕೀಲರಿಗೂ ಕೊಡಬೇಕು, ತಪ್ಪಿದ್ದರೆ 14 ದಿನದೊಳಗೆ ಆಕ್ಷೇಪಣೆ ಹೇಳಬಹುದು. ದಿನದ ಲೆಕ್ಕ ತಪ್ಪಿದರೆ ನ್ಯಾಯಾಧೀಶರು ಯಾರನ್ನು ಕರೆದು ಕೇಳಬೇಕೆಂಬ ಸಂದೇಹವೇ ಇಲ್ಲ.

ಅಮೆರಿಕವನ್ನು ತಲೆಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ಅಲ್ಲಿ ಪ್ರೊಬೇಷನ್ ಮೇಲಿರುವವರು 30 ಲಕ್ಷದ ಆಸುಪಾಸು. ಸಣ್ಣಪುಟ್ಟ ಷರತ್ತು ಮುರಿದನೆಂದು, ಅಪಾಯಿಂಟ್‌ಮೆಂಟ್ ತಪ್ಪಿಸಿದನೆಂದು ಮತ್ತೆ ಜೈಲಿಗೆ ತಳ್ಳುವ ಚಾಳಿ ಅಲ್ಲಿ ದೊಡ್ಡ ತಕರಾರು. ಉಸ್ತುವಾರಿ ಹೆಚ್ಚಾದರೂ ಕಷ್ಟವೇ. ಅಲ್ಲಿಂದ ಕಲಿಯಬೇಕಾದ್ದು ಒಂದೇ ಸಂಗತಿ: ಕೆಲಸಕ್ಕೆ ಒಬ್ಬ ಯಜಮಾನ, ಯಜಮಾನನಿಗೆ ಒಬ್ಬನೇ ಕೇಳುವವನು.

ಆ ಕುರ್ಚಿಯಲ್ಲಿ ಕೂತವರು ಮಾಡಬೇಕಾದ್ದು

ಹಾಗಾದರೆ ಇಲ್ಲಿ ಏನಾಗಬೇಕು? ಜಿಲ್ಲೆಗೊಬ್ಬ ಪ್ರೊಬೇಷನ್ ಮುಖ್ಯಾಧಿಕಾರಿ. ಪೂರ್ತಿ ಹೊತ್ತಿನ ಕೆಲಸ, ಇನ್ಯಾವುದರದೂ ಪ್ರಭಾರ ಇಲ್ಲ. ಕಚೇರಿ ಕೋರ್ಟಿನ ಆವರಣದಲ್ಲೇ ಇರಬೇಕು, ಬಸ್ಸಿಳಿದು ಬಂದ ಹಳ್ಳಿಯ ತಾಯಿ ಕೇಳಿಕೊಂಡು ಬರುವಷ್ಟು ಹತ್ತಿರ. ಪ್ರತಿ ತಿಂಗಳೂ ಜಿಲ್ಲಾ ನ್ಯಾಯಾಧೀಶರ ಮುಂದೆ ಲೆಕ್ಕ ಇಡಬೇಕು. ಕೋರ್ಟುಗಳು ಎಷ್ಟು ವರದಿ ಕೇಳಿದವು? ಎಷ್ಟು ಹೋದವು? ಎಷ್ಟು ತಡ? ಜಾಮೀನು ಸಿಕ್ಕಿ ಏಳು ದಿನ ಕಳೆದರೂ ಒಳಗಿರುವವರು ಎಷ್ಟು ಮಂದಿ? ಮುಚ್ಚಳಿಕೆಯ ಮೇಲೆ ಹೋದವರಲ್ಲಿ ಎಷ್ಟು ಜನ ಅವಧಿ ಮುಗಿಸಿದರು, ಎಷ್ಟು ಜನ ಮತ್ತೆ ಸಿಕ್ಕಿಬಿದ್ದರು? ಈ ಲೆಕ್ಕ ನೋಟೀಸು ಬೋರ್ಡಿಗೂ ಬರಲಿ. ಹೆಸರು ಬೇಡ, ಸಂಖ್ಯೆ ಸಾಕು. ವ್ಯಾಪಾರಸ್ಥರಿಗೆ ದಿನದ ಕೊನೆಯಲ್ಲಿ ಲೆಕ್ಕ ನೋಡದೆ ಬಾಗಿಲು ಹಾಕುವ ಅಭ್ಯಾಸವಿಲ್ಲ. ಸರ್ಕಾರಿ ಕಚೇರಿಗೇಕೆ ವಿನಾಯಿತಿ?

14ನೇ ಕಲಂ ಪ್ರೊಬೇಷನ್ ಅಧಿಕಾರಿಗೆ ಇನ್ನೊಂದು ಕೆಲಸ ಹೇಳಿದೆ. ಉಸ್ತುವಾರಿಯಲ್ಲಿರುವವನಿಗೆ ಅಗತ್ಯವಿದ್ದರೆ ಯೋಗ್ಯ ಉದ್ಯೋಗ ಹುಡುಕಿಕೊಡಲು ಪ್ರಯತ್ನಿಸಬೇಕು. ಇದು ಕಿರಿಯ ಅಧಿಕಾರಿ ಸೈಕಲ್ಲಿನಲ್ಲಿ ಸುತ್ತಿ ಮಾಡುವ ಕೆಲಸವಲ್ಲ. ವರ್ತಕರ ಸಂಘದ ಅಧ್ಯಕ್ಷರನ್ನು, ಐಟಿಐ ಪ್ರಿನ್ಸಿಪಾಲರನ್ನು, ಬ್ಯಾಂಕ್ ಮ್ಯಾನೇಜರರನ್ನು ಕಂಡು "ಈ ಹುಡುಗನಿಗೆ ಒಂದು ದಾರಿ ಮಾಡಿಕೊಡಿ, ತಪ್ಪಿದರೆ ಹೇಳಿ, ನಾನಿದ್ದೇನೆ" ಎಂದು ಹೇಳುವ ತೂಕ ಬೇಕು. ಆ ತೂಕ ಹುದ್ದೆಯಿಂದ ಬರುತ್ತದೆ, ಹುದ್ದೆಯಲ್ಲಿ ಕೂತವರ ನಡತೆಯಿಂದ ಉಳಿಯುತ್ತದೆ.

ಮೂರು ತಕರಾರು

ಮೊದಲ ತಕರಾರು ಪೇಟೆಯದೇ. "ಕಳ್ಳರಿಗೆ ಮುದ್ದು ಮಾಡೋಕೆ ಇನ್ನೊಂದು ಆಫೀಸಾ ಸ್ವಾಮಿ? ನಮ್ಮ ಗಲ್ಲಾ ಹೋದದ್ದಕ್ಕೆ ಅಳೋರು ಯಾರು?" ಸಿಟ್ಟು ನ್ಯಾಯವಾದದ್ದೇ. ಬಸ್ಸಿನ ನೂಕುನುಗ್ಗಲಲ್ಲಿ ತಿಂಗಳ ಸಂಬಳ ಕಳೆದುಕೊಂಡವರಿಗೂ ಹಾಗೇ ಅನಿಸೀತು. ಆದರೆ ಪ್ರೊಬೇಷನ್ ಎಂದರೆ ಬಿಟ್ಟುಬಿಡುವುದಲ್ಲ. ಮುಚ್ಚಳಿಕೆ ಮುರಿದರೆ 9ನೇ ಕಲಮಿನ ಪ್ರಕಾರ ಅಧಿಕಾರಿಯ ವರದಿಯ ಮೇಲೆ ವಾರಂಟು ಹೊರಟು, ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ಕತ್ತಿ ತಲೆಮೇಲೆ ತೂಗುತ್ತಲೇ ಇರುತ್ತದೆ. ನೋಡುವವರೇ ಇಲ್ಲದಿದ್ದರೆ ಮಾತ್ರ ಕತ್ತಿ ಕಾಗದದ್ದು. ಆದ್ದರಿಂದ ಕಳ್ಳರ ಮೇಲೆ ಸಿಟ್ಟಿರುವವರೇ ಮೊದಲು ಈ ಹುದ್ದೆ ಕೇಳಬೇಕು. ಇನ್ನೊಂದು ಮಾತು: ಜೈಲಿಗೆ ಹೋದ ಹತ್ತೊಂಬತ್ತರ ಹುಡುಗ ಅಲ್ಲಿ ಕಲಿಯುವುದು ಪೊಟ್ಟಣ ಕಟ್ಟುವುದನ್ನಲ್ಲ. ಪಳಗಿದವರ ಪಕ್ಕದಲ್ಲಿ ಮಲಗಿ ಬೀಗ ಒಡೆಯುವುದನ್ನು ಕಲಿತು ಅದೇ ಪೇಟೆ ಬೀದಿಗೆ ವಾಪಸ್ ಬರುತ್ತಾನೆ.

ಎರಡನೆಯದು ಖರ್ಚಿನ ಮಾತು. ಹೊಸ ಹುದ್ದೆ, ಹೊಸ ಜೀಪು, ಹೊಸ ಪೆಟ್ರೋಲ್ ಬಿಲ್ಲು! ಇರಲಿ, ಲೆಕ್ಕ ಹಾಕಿ. ಜಾಮೀನು ಸಿಕ್ಕೂ ಒಳಗಿರುವವನಿಗೆ ಊಟ, ಔಷಧ, ಕಾವಲು, ತಾರೀಖು ತಾರೀಖಿಗೂ ಕೋರ್ಟಿಗೆ ಕರೆತರುವ ಪೊಲೀಸರು, ಇವೆಲ್ಲ ಯಾರ ದುಡ್ಡು? ಅವನ ಸಂಸಾರ ಬೀದಿಗೆ ಬಿದ್ದರೆ ಅದರ ಭಾರ ಯಾರ ಮೇಲೆ? ಒಬ್ಬ ಮುಖ್ಯಾಧಿಕಾರಿಯ ಸಂಬಳ ಇದರ ಮುಂದೆ ಚಿಲ್ಲರೆ.

ಮೂರನೆಯದೇ ಗಟ್ಟಿಯಾದದ್ದು. "ವರದಿಗೂ ಒಂದು ರೇಟು ಆಗೋದಿಲ್ಲ ಅಂತ ಏನು ಗ್ಯಾರಂಟಿ?" ಇದಕ್ಕೆ ಜಾಣ ಉತ್ತರ ಬೇಡ. ಆಗಬಹುದು. ದುಡ್ಡು ಕೊಟ್ಟವನು ಸದ್ಗುಣಿ, ಕೊಡದವನು ದುರ್ನಡತೆಯವನು ಎಂದು ಬರೆಯುವ ಕೈಗಳೂ ಇರಬಹುದು. ಮೇಲ್ಜಾತಿಯ ಬೀದಿಯಲ್ಲಿ ವಿಚಾರಿಸಿ ಕೆಳಗಿನ ಕೇರಿಯವನ ನಡತೆ ಬರೆಯುವ ಅಪಾಯವೂ ಇದೆ. ಮುಖ್ಯಾಧಿಕಾರಿ ಬೇಕು ಎನ್ನುವುದು ಇದಕ್ಕಾಗಿಯೇ. ಹತ್ತು ವರದಿಯಲ್ಲಿ ಎರಡಕ್ಕಾದರೂ ತಾವೇ ಹಳ್ಳಿಗೆ ಹೋಗಿ ತಾಳೆ ನೋಡುವವರಿದ್ದರೆ ರೇಟು ಇಡುವ ಕೈ ನಡುಗುತ್ತದೆ. 7ನೇ ಕಲಮಿನ ಪ್ರಕಾರ ವರದಿ ಗುಟ್ಟಿನದು, ಆದರೆ ಕೋರ್ಟು ಅದರ ಸಾರವನ್ನು ಅಪರಾಧಿಗೆ ತಿಳಿಸಿ ಉತ್ತರ ಹೇಳಲು ಅವಕಾಶ ಕೊಡಬಹುದು. ಕೊಡಬಹುದು ಎನ್ನುವುದನ್ನು ಕೊಡುವ ಪದ್ಧತಿ ಮಾಡಿದರೆ ಸುಳ್ಳು ವರದಿಗೆ ಅರ್ಧ ಕಡಿವಾಣ ಬೀಳುತ್ತದೆ.

ಐವತ್ತು ರೂಪಾಯಿಯ ಕಾನೂನು

ಈ ಕಾಯ್ದೆಯನ್ನು ಎಷ್ಟು ಮರೆಯಲಾಗಿದೆ ಎಂಬುದಕ್ಕೆ ಒಂದೇ ಗುರುತು ಸಾಕು. ಮುಚ್ಚಳಿಕೆಯ ಷರತ್ತನ್ನು ಮೊದಲ ಸಲ ಮುರಿದವನಿಗೆ, ಮೂಲ ಶಿಕ್ಷೆ ಬೇಡವೆನಿಸಿದರೆ, ಕೋರ್ಟು ಹಾಕಬಹುದಾದ ದಂಡದ ಮಿತಿ 50 ರೂಪಾಯಿ. 1958ರಲ್ಲಿ ಬರೆದ ಐವತ್ತು. ಆಗ ಅದು ಒಂದು ಸಂಸಾರದ ತಿಂಗಳ ದಿನಸಿ ಖರ್ಚಿಗೆ ಹತ್ತಿರವಾಗಿತ್ತೇನೋ, ಈಗ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಒಂದು ಮಸಾಲೆದೋಸೆಗೂ ಸಾಲದು. ಕಾಯ್ದೆಯನ್ನು ಯಾರಾದರೂ ದಿನಾ ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದರೆ, ಮೇಲಿನವರ ಕಿವಿಗೆ ಹಾಕುವ ಒಬ್ಬ ಮುಖ್ಯಸ್ಥರಿದ್ದರೆ, ಈ ಅಂಕಿ ಇಷ್ಟು ವರ್ಷ ಹೀಗೇ ಉಳಿಯುತ್ತಿತ್ತೇ?

ಹೊಸ ಸಂಹಿತೆ ಸಮುದಾಯ ಸೇವೆಯನ್ನೂ ಶಿಕ್ಷೆಯ ಪಟ್ಟಿಗೆ ಸೇರಿಸಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಸಿಕ್ಕಿಬಿದ್ದವನು ಅದನ್ನು ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆ. ಒಳ್ಳೆಯದೇ. ಆದರೆ ಆ ಸೇವೆ ಎಲ್ಲಿ, ಎಷ್ಟು ಹೊತ್ತು, ಮಾಡಿದನೋ ಮಾಡಲಿಲ್ಲವೋ ಎಂದು ನೋಡುವವರು ಯಾರು? ಆಸ್ಪತ್ರೆ ಗುಡಿಸಬೇಕಾದವನು ಆಸ್ಪತ್ರೆ ಕ್ಯಾಂಟೀನಿನಲ್ಲಿ ಕಾಫಿ ಕುಡಿದು ಹೋದರೆ ಕೇಳುವವರು ಯಾರು? ಕೆಲಸ ಹೆಚ್ಚಾಗುತ್ತಿದೆ, ಯಜಮಾನ ಮಾತ್ರ ಕಾಣುತ್ತಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಒಮ್ಮೆ ಜೈಲು ಕಂಡ ಹುಡುಗನಿಗೆ ಪೇಟೆಯಲ್ಲಿ ಯಾರೂ ಗಲ್ಲಾ ಹತ್ತಿರ ಬಿಡುವುದಿಲ್ಲ, ಹಳ್ಳಿಯಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಅವನು ಹೋಗಬೇಕಾದವನೇ ಆಗಿದ್ದರೆ ಹೋಗಲಿ. ಆದರೆ ಹೋಗಬೇಕಾಗಿಲ್ಲದವನು ಬರೀ ಒಂದು ಕಾಗದ ಬರಲಿಲ್ಲವೆಂದು ಹೋಗುವುದು ಯಾವ ನ್ಯಾಯ? ಜಿಲ್ಲೆಯ ಶಾಸಕರು ವಿಧಾನಸಭೆಯಲ್ಲಿ, ವಕೀಲರ ಸಂಘದವರು ಜಿಲ್ಲಾ ನ್ಯಾಯಾಧೀಶರ ಬಳಿ, ವರ್ತಕರ ಸಂಘದವರು ಡಿಸಿ ಸಾಹೇಬರ ಸಭೆಯಲ್ಲಿ ಒಂದೇ ಪ್ರಶ್ನೆ ಎತ್ತಲಿ: ಪ್ರೊಬೇಷನ್ ಕಚೇರಿಗೆ ಯಜಮಾನ ಯಾರು, ಅವರ ಬೋರ್ಡು ಎಂದು ಹಾಕುತ್ತೀರಿ? ಸಂಬಂಧಪಟ್ಟವರು ಉತ್ತರ ಕೊಡುವವರೆಗೆ ಕೇಳುತ್ತಲೇ ಇರಬೇಕು.